ಬುದ್ಧಿ ಮುಂದೆ, ಕೈ ಹಿಂದೆ: ಪ್ರತಿಭಾವಂತ ಮಕ್ಕಳ ಚಲನಾ ಕೌಶಲ

ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿಗೆ ಸೇರಿದ ಅರೇಹಳ್ಳಿ, ಕಾಫಿ ತೋಟಗಳ ನಡುವಣ ಹೋಬಳಿ ಕೇಂದ್ರ. ಇಂಥ ಊರಿನ ಶಾಲೆಯೊಂದರ ಎರಡನೆಯ ತರಗತಿಯಲ್ಲಿ ಕುಳಿತ ಮಗುವೊಂದನ್ನು ಕಲ್ಪಿಸಿಕೊಳ್ಳಬಹುದು. ಅಂಗಡಿಯ ಫಲಕ, ಬಸ್ಸಿನ ಬೋರ್ಡು, ಪೊಟ್ಟಣ ಕಟ್ಟಿದ ಹಳೆಯ ಪತ್ರಿಕೆ, ಹೀಗೆ ಕಣ್ಣಿಗೆ ಬಿದ್ದುದನ್ನೆಲ್ಲ ಅದು ತಡವರಿಸದೆ ಓದುತ್ತದೆ. ಒಂದು ಮೂಟೆ ಕಾಫಿಗೆ ಇಷ್ಟು ಬೆಲೆಯಾದರೆ ಹದಿನೇಳು ಮೂಟೆಗೆ ಎಷ್ಟು ಎಂಬುದನ್ನು ಬಾಯಿಲೆಕ್ಕದಲ್ಲೇ ಹೇಳಿಬಿಡುತ್ತದೆ. ಅದೇ ಲೆಕ್ಕವನ್ನು ಪುಸ್ತಕದಲ್ಲಿ ಬರೆ ಎಂದರೆ ಅಂಕಿಗಳು ಚೌಕ ಬಿಟ್ಟು ಹೊರಗೆ ಓಡುತ್ತವೆ, ಪೆನ್ಸಿಲಿನ ಮೊನೆ ಮುರಿಯುತ್ತದೆ, ಅರ್ಧ ಪುಟ ಮುಗಿಯುವಷ್ಟರಲ್ಲಿ ಗಂಟೆ ಬಾರಿಸುತ್ತದೆ. ಅಂಗಿಯ ಗುಂಡಿ ಹಾಕಿಕೊಳ್ಳಲು ಇನ್ನೂ ಅಮ್ಮ ಬೇಕು. ಆಟಕ್ಕೆ ತಂಡ ಆರಿಸುವಾಗ ಕೊನೆಗೆ ಉಳಿಯುವುದೂ ಇದೇ ಮಗು.

ಶಾಲೆಯಲ್ಲಿ ಇದಕ್ಕೆ ಸಾಮಾನ್ಯವಾಗಿ ದೊರೆಯುವ ಹೆಸರು 'ಸೋಮಾರಿ'. ಮನೆಯಲ್ಲಿ ದೊರೆಯುವ ಸಮಾಧಾನ 'ಬುದ್ಧಿವಂತರೆಲ್ಲ ಹೀಗೆಯೇ'. ಈ ಎರಡೂ ಮಾತುಗಳು ತಪ್ಪು. ಪ್ರತಿಭೆಯು ಮಗುವಿನ ಕೈಕಾಲುಗಳನ್ನು ಮಂದಗೊಳಿಸುವುದಿಲ್ಲ. ಹಾಗೆಯೇ ಕೈ ಓಡದಿರುವುದು ಬುದ್ಧಿಯ ಕೊರತೆಯೂ ಅಲ್ಲ, ಹಟವೂ ಅಲ್ಲ. ಆದರೆ ಕೈಬರಹವನ್ನೇ ಬುದ್ಧಿಯ ಅಳತೆಗೋಲಾಗಿ ಬಳಸುವ ವ್ಯವಸ್ಥೆಯಲ್ಲಿ ಇಂಥ ಮಗುವಿಗೆ ಎರಡು ಬಗೆಯ ನಷ್ಟ ಕಾದಿರುತ್ತದೆ. ಅದರ ಪ್ರತಿಭೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅದರ ತೊಂದರೆಗೆ ನೆರವೂ ಸಿಗುವುದಿಲ್ಲ.

ಚಲನಾ ಕೌಶಲ ಎಂದರೇನು?

ದೇಹದ ಸ್ನಾಯುಗಳನ್ನು ಒಂದು ಉದ್ದೇಶಕ್ಕೆ ತಕ್ಕಂತೆ, ಸರಿಯಾದ ಕ್ರಮದಲ್ಲಿ, ಸರಿಯಾದ ಬಲದಿಂದ ಬಳಸುವ ಸಾಮರ್ಥ್ಯವೇ ಚಲನಾ ಕೌಶಲ. ಇದರಲ್ಲಿ ಎರಡು ವಿಧ. ನಡೆಯುವುದು, ಓಡುವುದು, ಒಂಟಿ ಕಾಲಿನಲ್ಲಿ ಕುಪ್ಪಳಿಸುವುದು, ಚೆಂಡು ಹಿಡಿಯುವುದು, ಸೈಕಲ್ ತುಳಿಯುವುದು ಮುಂತಾದವು ದೊಡ್ಡ ಸ್ನಾಯುಗಳ ಕೆಲಸಗಳು. ಇವು ಸ್ಥೂಲ ಚಲನಾ ಕೌಶಲಗಳು. ಬರೆಯುವುದು, ಕತ್ತರಿ ಹಿಡಿಯುವುದು, ಗುಂಡಿ ಹಾಕುವುದು, ಅನ್ನ ಕಲಸಿ ತುತ್ತು ಮಾಡುವುದು ಬೆರಳುಗಳ ಕೆಲಸಗಳು. ಇವು ಸೂಕ್ಷ್ಮ ಚಲನಾ ಕೌಶಲಗಳು. ಕಣ್ಣು ಕಂಡದ್ದಕ್ಕೆ ಕೈ ಸ್ಪಂದಿಸುವುದು, ಎಡಗೈ ಬಲಗೈಗಳು ಜೊತೆಗೂಡಿ ದುಡಿಯುವುದು, ದೇಹದ ಸಮತೋಲ ಕಾಯ್ದುಕೊಳ್ಳುವುದು ಇವೆಲ್ಲ ಸೇರಿ ಸಮನ್ವಯ ಎನಿಸುತ್ತದೆ.

ಈ ಕೌಶಲಗಳು ಬಹುಮಟ್ಟಿಗೆ ವಯಸ್ಸಿನ ಕ್ರಮದಲ್ಲಿ ಬೆಳೆಯುತ್ತವೆ. ಸಾಮಾನ್ಯವಾಗಿ ಮಗು 3 ವರ್ಷದ ಸುಮಾರಿಗೆ ವೃತ್ತವನ್ನು, 4ರ ಸುಮಾರಿಗೆ ಕೂಡು ಚಿಹ್ನೆಯನ್ನು, 5ರ ಸುಮಾರಿಗೆ ಚೌಕವನ್ನು ನೋಡಿ ಬರೆಯಬಲ್ಲದು. ವಜ್ರಾಕೃತಿಯನ್ನು ಸರಿಯಾಗಿ ಬರೆಯಲು 7 ವರ್ಷವಾದರೂ ಬೇಕು. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ನಡುವೆ ಪೆನ್ಸಿಲ್ ಹಿಡಿದು ಬೆರಳುಗಳಿಂದಲೇ ಅದನ್ನು ಆಡಿಸುವ ಹಿಡಿತವು 5ರಿಂದ 6 ವರ್ಷದ ಹೊತ್ತಿಗೆ ಪಕ್ವವಾಗುತ್ತದೆ. ಕೆಲವು ತಿಂಗಳುಗಳ ಹೆಚ್ಚುಕಡಿಮೆ ಸಹಜ.

ಗಮನಿಸಬೇಕಾದ ಅಂಶವೆಂದರೆ, 5 ವರ್ಷದ ಮಗುವಿಗೆ 9 ವರ್ಷದ ಮಗುವಿನ ಓದು ಬರಬಹುದು. ಆದರೆ ಅದರ ಬೆರಳುಗಳಿಗೆ ವಯಸ್ಸು ಐದೇ.

ಹಳೆಯ ನಂಬಿಕೆ, ಹೊಸ ಪುರಾವೆ

ಬುದ್ಧಿವಂತ ಮಗು ಎಂದರೆ ಸೊರಗಿದ ಮೈ, ದಪ್ಪ ಕನ್ನಡಕ, ಆಟದಲ್ಲಿ ಎಡವಟ್ಟು ಎಂಬ ಚಿತ್ರ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪಾಶ್ಚಾತ್ಯ ಜಗತ್ತಿನಲ್ಲೂ ಪ್ರಬಲವಾಗಿತ್ತು. ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಲೂಯಿಸ್ ಟರ್ಮನ್ 1921ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭಿಸಿದ ಅಧ್ಯಯನ ಈ ಚಿತ್ರವನ್ನು ಅಲುಗಾಡಿಸಿತು. ಅತ್ಯುನ್ನತ ಬುದ್ಧಿ ಸೂಚ್ಯಂಕದ 1,500ಕ್ಕೂ ಹೆಚ್ಚು ಮಕ್ಕಳನ್ನು ಅವರು ಜೀವಮಾನವಿಡೀ ಹಿಂಬಾಲಿಸುವ ಯೋಜನೆ ಹಾಕಿದರು. 1925ರಲ್ಲಿ ಹೊರಬಂದ ಮೊದಲ ಸಂಪುಟದ ಪ್ರಕಾರ ಈ ಮಕ್ಕಳು ಎತ್ತರ, ತೂಕ ಹಾಗೂ ಆರೋಗ್ಯದಲ್ಲಿ ಸರಾಸರಿ ಮಕ್ಕಳಿಗಿಂತ ತುಸು ಮೇಲೆಯೇ ಇದ್ದರು. ಈ ಮಕ್ಕಳಲ್ಲಿ ಬಹುಪಾಲು ಅನುಕೂಲಸ್ಥ ಮನೆಗಳಿಂದ ಬಂದವರು ಎಂಬ ಟೀಕೆ ಅನಂತರ ಕೇಳಿಬಂತು. ಆದರೂ 'ಬುದ್ಧಿ ಬೆಳೆದರೆ ಮೈ ಕುಗ್ಗುತ್ತದೆ' ಎಂಬ ನಂಬಿಕೆಗೆ ಆಧಾರವಿಲ್ಲ ಎಂಬುದು ಅಲ್ಲಿಂದೀಚೆಗೆ ಗಟ್ಟಿಯಾಯಿತು. ಒಟ್ಟಾರೆ ಮಕ್ಕಳಲ್ಲಿ ಬುದ್ಧಿ ಮತ್ತು ಚಲನಾ ಕೌಶಲಗಳ ನಡುವೆ ಇರುವ ಸಂಬಂಧ ದುರ್ಬಲವಾದುದು. ಅದು ವಿಲೋಮವಂತೂ ಅಲ್ಲ.

ಹಾಗಾದರೆ ಪಾಲಕರು ದಿನವೂ ಕಾಣುವ ಎಡವಟ್ಟುತನಕ್ಕೆ ಕಾರಣವೇನು? ಫ್ರಾನ್ಸಿನ ಮನೋವಿಜ್ಞಾನಿ ಜಾನ್ ಶಾರ್ಲ್ ತೆರಾಸಿಯೆ ಇದಕ್ಕೆ 'ಅಸಮಕಾಲಿಕತೆ' ಎಂಬ ಅರ್ಥದ ಪದವೊಂದನ್ನು ಬಳಕೆಗೆ ತಂದರು. ಪ್ರತಿಭಾವಂತ ಮಗುವಿನ ಬುದ್ಧಿ, ಭಾವನೆ ಹಾಗೂ ದೇಹ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ; ಓದು ಬೇಗ ಬಂದರೂ ಬರಹ ಹಿಂದುಳಿಯುವುದು ಇದರ ಸಾಮಾನ್ಯ ರೂಪ ಎಂಬುದು ಅವರ ವಿವರಣೆ. 1991ರಲ್ಲಿ ಅಮೆರಿಕದ 'ಕೊಲಂಬಸ್ ಗುಂಪು' ಪ್ರತಿಭೆಯ ವ್ಯಾಖ್ಯಾನವನ್ನೇ ಅಸಮ ಬೆಳವಣಿಗೆಯ ಆಧಾರದ ಮೇಲೆ ರೂಪಿಸಿತು. ಮಗುವಿನ ಕೈ ತನ್ನ ವಯಸ್ಸಿಗೆ ಸರಿಯಾಗಿಯೇ ಇರುತ್ತದೆ. ಆದರೆ ಅದೇ ಮಗುವಿನ ಮಾತಿನ ಪಕ್ಕದಲ್ಲಿಟ್ಟು ನೋಡಿದಾಗ ಆ ಕೈ ಬಡವಾಗಿ ಕಾಣುತ್ತದೆ.

ಅಂತರಕ್ಕೆ ಮೂರು ಕಾರಣ

ಮೇಲುನೋಟಕ್ಕೆ ಒಂದೇ ರೀತಿ ಕಾಣುವ ಈ ಸಮಸ್ಯೆಯ ಹಿಂದೆ ಮೂರು ಬೇರೆ ಬೇರೆ ಕಾರಣಗಳಿರಬಹುದು. ಅವುಗಳನ್ನು ಬೇರ್ಪಡಿಸುವುದೇ ಮೊದಲ ಕೆಲಸ.

ಮೊದಲನೆಯದು ಮೇಲೆ ಹೇಳಿದ ಅಸಮ ಬೆಳವಣಿಗೆ. ಚುರುಕಾದ ಮಗುವನ್ನು ಒಂದು ತರಗತಿ ಮುಂದಕ್ಕೆ ಸೇರಿಸಿದಾಗ ಇದು ಎದ್ದು ಕಾಣುತ್ತದೆ. ಪಾಠ ಅದಕ್ಕೆ ಸಲೀಸು; ಆದರೆ ಬರವಣಿಗೆಯಲ್ಲಿ ತನಗಿಂತ ಒಂದು ವರ್ಷ ದೊಡ್ಡ ಮಕ್ಕಳೊಡನೆ ಅದು ಸ್ಪರ್ಧಿಸಬೇಕಾಗುತ್ತದೆ. ಇದು ಕಾಯಿಲೆಯಲ್ಲ. ಬರವಣಿಗೆಯ ಹೊರೆ ಇಳಿಸಿ ಕಾಲಾವಕಾಶ ಕೊಟ್ಟರೆ ಸಾಕು.

ಎರಡನೆಯದು ಅಭ್ಯಾಸದ ಕೊರತೆ. ಸದಾ ಪುಸ್ತಕದಲ್ಲಿ ಮುಳುಗಿರುವ ಮಗು ಅಂಗಳದಲ್ಲಿ ಆಡುವುದು ಕಡಿಮೆ. ತಾನು ಊಹಿಸಿಕೊಂಡಷ್ಟು ಚೆಂದದ ಚಿತ್ರ ಕೈಯಿಂದ ಮೂಡದಿದ್ದಾಗ ಬೇಸತ್ತು ಕಾಗದ ಹರಿಯುತ್ತದೆ, ಮತ್ತೆ ಆ ಕೆಲಸದ ತಂಟೆಗೇ ಹೋಗುವುದಿಲ್ಲ. ಮಾಡದೆ ಬಿಟ್ಟ ಕೆಲಸ ಮತ್ತಷ್ಟು ಕಷ್ಟವಾಗುತ್ತದೆ. ತೋಟದ ಲೈನ್ ಮನೆಗಳಲ್ಲಿ ಬೆಳೆಯುವ ಮಗುವಿನ ವಿಷಯದಲ್ಲಿ ಇದರ ರೂಪ ಬೇರೆ. ಅದು ಮರ ಹತ್ತಬಲ್ಲದು, ಏರು ದಾರಿಯಲ್ಲಿ ಕೊಡ ಹೊರಬಲ್ಲದು. ಆದರೆ ಪೆನ್ಸಿಲು, ಬಣ್ಣದ ಕಡ್ಡಿ, ಕತ್ತರಿಗಳನ್ನು ಮೊದಲ ಬಾರಿ ಕಾಣುವುದು ಶಾಲೆಗೆ ಬಂದ ಮೇಲೆಯೇ. ಅವಕಾಶ ಸಿಗದ ಕೈಯನ್ನು ಅಸಮರ್ಥ ಕೈ ಎಂದು ತಿಳಿಯಬಾರದು.

ಮೂರನೆಯದು ನಿಜವಾದ ಚಲನಾ ಸಮನ್ವಯದ ತೊಂದರೆ. ವೈದ್ಯಕೀಯದಲ್ಲಿ ಇದಕ್ಕೆ 'ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್' ಎಂದು ಹೆಸರು, ಜನಬಳಕೆಯಲ್ಲಿ 'ಡಿಸ್ಪ್ರಾಕ್ಸಿಯಾ'. ಆಸ್ಟ್ರೇಲಿಯಾದ ನರರೋಗ ತಜ್ಞ ಸ್ಯಾಸನ್ ಗಬ್ಬೆ 1975ರಲ್ಲಿ 'ದಿ ಕ್ಲಮ್ಸಿ ಚೈಲ್ಡ್' ಎಂಬ ಗ್ರಂಥ ಪ್ರಕಟಿಸಿದ ಕಾಲಕ್ಕೆ ಇಂಥ ಮಕ್ಕಳನ್ನು 'ಎಡವಟ್ಟು ಮಕ್ಕಳು' ಎಂದೇ ಕರೆಯಲಾಗುತ್ತಿತ್ತು. 1994ರಲ್ಲಿ ಕೆನಡಾದ ಲಂಡನ್ ನಗರದಲ್ಲಿ ಸೇರಿದ ತಜ್ಞರು ಈಗಿನ ಹೆಸರನ್ನು ಒಪ್ಪಿಕೊಂಡರು. ಅಮೆರಿಕದ ಮನೋವೈದ್ಯ ಸಂಘದ 2013ರ ಕೈಪಿಡಿ ಡಿಎಸ್‌ಎಂ-5 ಪ್ರಕಾರ 5ರಿಂದ 11 ವರ್ಷದ ಮಕ್ಕಳಲ್ಲಿ ಶೇ 5ರಿಂದ 6ರಷ್ಟು ಮಂದಿಗೆ ಈ ತೊಂದರೆ ಇರುತ್ತದೆ. ಗಂಡುಮಕ್ಕಳಲ್ಲಿ ಹೆಚ್ಚು. ಅವಧಿಗೆ ಮುನ್ನ ಹುಟ್ಟಿದ ಹಾಗೂ ಕಡಿಮೆ ತೂಕದ ಶಿಶುಗಳಲ್ಲಿ ಅಪಾಯ ಅಧಿಕ.

ಈ ತೊಂದರೆಯನ್ನು ಖಚಿತಪಡಿಸಲು ಆ ಕೈಪಿಡಿ ನಾಲ್ಕು ಷರತ್ತುಗಳನ್ನು ವಿಧಿಸುತ್ತದೆ. ವಯಸ್ಸು ಹಾಗೂ ದೊರೆತ ಅವಕಾಶಗಳನ್ನು ಪರಿಗಣಿಸಿದಾಗಲೂ ಕೌಶಲ ಬಹಳ ಕೆಳಗಿರಬೇಕು; ಅದರಿಂದ ದಿನನಿತ್ಯದ ಬದುಕಿಗೆ, ಓದಿಗೆ ಅಡ್ಡಿಯಾಗುತ್ತಿರಬೇಕು; ಲಕ್ಷಣಗಳು ಎಳವೆಯಿಂದಲೇ ಇರಬೇಕು; ಬೌದ್ಧಿಕ ಹಿಂದುಳಿಕೆ, ದೃಷ್ಟಿದೋಷ ಅಥವಾ ನರಸಂಬಂಧಿ ಕಾಯಿಲೆ ಇದಕ್ಕೆ ಕಾರಣವಾಗಿರಬಾರದು. ಸಾಮಾನ್ಯವಾಗಿ 5 ವರ್ಷಕ್ಕೆ ಮುನ್ನ ಈ ನಿರ್ಣಯಕ್ಕೆ ಬರುವುದಿಲ್ಲ. ಬುದ್ಧಿ ಚೆನ್ನಾಗಿದೆ ಎಂಬ ಕಾರಣಕ್ಕೆ ಇದನ್ನು ಅಲ್ಲಗಳೆಯುವಂತಿಲ್ಲ ಎಂಬುದು ಇಲ್ಲಿ ಮುಖ್ಯ. 'ಹ್ಯಾರಿ ಪಾಟರ್' ಚಿತ್ರಗಳ ನಟ ಡೇನಿಯಲ್ ರ‍್ಯಾಡ್‌ಕ್ಲಿಫ್ ತಮಗೆ ಲಘು ಪ್ರಮಾಣದ ಡಿಸ್ಪ್ರಾಕ್ಸಿಯಾ ಇರುವುದನ್ನು 2008ರಲ್ಲಿ ಬಹಿರಂಗವಾಗಿ ಹೇಳಿಕೊಂಡಿದ್ದರು.

'ದೊಡ್ಡವನಾದಂತೆ ತಾನಾಗಿ ಸರಿಹೋಗುತ್ತದೆ' ಎಂಬ ಮಾತು ಈ ಮೂರನೆಯ ಗುಂಪಿಗೆ ಅನ್ವಯಿಸುವುದಿಲ್ಲ. ಇಂಥ ಮಕ್ಕಳಲ್ಲಿ ಶೇ 50ರಿಂದ 70ರಷ್ಟು ಮಂದಿಗೆ ಹದಿಹರೆಯದಲ್ಲೂ ತೊಂದರೆ ಉಳಿದಿರುತ್ತದೆ ಎನ್ನುತ್ತದೆ ಅದೇ ಕೈಪಿಡಿ.

ಕನ್ನಡ ಲಿಪಿ ಮತ್ತು ಪುಟ್ಟ ಬೆರಳು

ಈ ವಿಷಯದ ಬಗ್ಗೆ ಲಭ್ಯವಿರುವ ಬರಹಗಳಲ್ಲಿ ಹೆಚ್ಚಿನವು ರೋಮನ್ ಲಿಪಿ ಬರೆಯುವ ಮಕ್ಕಳನ್ನು ಕುರಿತವು. ಕನ್ನಡದ ಮಗುವಿನ ಮುಂದಿರುವ ಸವಾಲು ಬೇರೆ ಸ್ವರೂಪದ್ದು.

ಕನ್ನಡದ ಅಕ್ಷರಗಳು ದುಂಡಗಿನವು. ಪೆನ್ಸಿಲು ಎತ್ತದೆ ದಿಕ್ಕು ಬದಲಿಸುತ್ತ ಸಾಗಬೇಕು. ಬರಹ ಒಂದೇ ಸಾಲಿನಲ್ಲಿ ಎಡದಿಂದ ಬಲಕ್ಕೆ ಓಡುವುದೂ ಇಲ್ಲ. ನಡುವೆ ಮೂಲಾಕ್ಷರ, ಮೇಲೆ ತಲೆಕಟ್ಟು ಅಥವಾ ಗುಡಿಸು, ಕೆಳಗೆ ಒತ್ತಕ್ಷರ ಎಂದು ಮೂರು ಅಂತಸ್ತುಗಳಿವೆ. 'ರಾಷ್ಟ್ರ' ಎಂದು ಬರೆಯುವಾಗ ಷಕಾರದ ಅಡಿಯಲ್ಲಿ ಟಕಾರ ರಕಾರಗಳೆರಡಕ್ಕೂ ಮೊದಲೇ ಜಾಗ ಬಿಡಬೇಕು. 'ಸೂರ್ಯ' ಪದದಲ್ಲಿ ಮೊದಲು ಉಚ್ಚರಿಸುವ ರಕಾರವನ್ನು ಅರ್ಕಾವತ್ತಾಗಿ ಆಮೇಲೆ ಬರೆಯುವ ರೂಢಿಯೂ ಇದೆ. ಅಂದರೆ ಕೈ ಚಲಿಸುವ ಮುನ್ನವೇ ಪುಟದ ಮೇಲಿನ ಸ್ಥಳವನ್ನು ಮನಸ್ಸು ಯೋಜಿಸಿರಬೇಕು. ಚಲನಾ ಯೋಜನೆಯಲ್ಲೇ ತೊಂದರೆಯಿರುವ ಮಗುವಿಗೆ ಇದು ಹೆಜ್ಜೆ ಹೆಜ್ಜೆಗೂ ಅಡಚಣೆ.

ಇನ್ನೊಂದು ಅಂಶ ಶಿಕ್ಷಕರ ಗಮನಕ್ಕೆ ಬರಬೇಕಾದದ್ದು. ದ ಮತ್ತು ಧ, ಬ ಮತ್ತು ಭ, ಪ ಮತ್ತು ಫ ಈ ಜೋಡಿಗಳಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳನ್ನು ಬೇರ್ಪಡಿಸುವುದು ಅಡಿಯಲ್ಲಿನ ಒಂದು ಪುಟ್ಟ ಗೆರೆ. ಥಕಾರವನ್ನು ಗುರುತಿಸುವುದು ಒಳಗಿನ ಒಂದು ಚುಕ್ಕಿ. ಬೆರಳಿನ ಹಿಡಿತ ಸಾಲದ ಮಗು ಆ ಗೆರೆಯನ್ನು ತಪ್ಪು ಜಾಗದಲ್ಲಿ ಹಾಕುತ್ತದೆ ಅಥವಾ ಬಿಟ್ಟೇಬಿಡುತ್ತದೆ. ಪುಸ್ತಕ ತಿದ್ದುವವರಿಗೆ ಅದು ಕಾಗುಣಿತದ ತಪ್ಪಾಗಿ ಕಾಣುತ್ತದೆ. ಮಗುವಿಗೆ ಕಾಗುಣಿತ ಗೊತ್ತಿದೆಯೇ ಎಂಬುದನ್ನು ತಿಳಿಯುವ ಸುಲಭ ದಾರಿಯೆಂದರೆ ಪದವನ್ನು ಬಾಯಲ್ಲಿ ಬಿಡಿಸಿ ಹೇಳಿಸುವುದು. ಬಾಯಲ್ಲಿ ಸರಿ ಹೇಳಿ ಕೈಯಲ್ಲಿ ತಪ್ಪಿದರೆ ತೊಂದರೆ ಭಾಷೆಯದಲ್ಲ, ಚಲನೆಯದು. ಎರಡರಲ್ಲೂ ತಪ್ಪಿದರೆ ಡಿಸ್‌ಲೆಕ್ಸಿಯಾದಂಥ ಓದಿನ ತೊಂದರೆಯ ಸಾಧ್ಯತೆಯನ್ನೂ ಪರಿಶೀಲಿಸಬೇಕು.

ಬರೆಯುವ ಕ್ರಿಯೆ ತಾನಾಗಿ ನಡೆಯುವಷ್ಟು ರೂಢಿಯಾಗುವವರೆಗೆ ಮಗುವಿನ ಗಮನವನ್ನೆಲ್ಲ ಅಕ್ಷರದ ಆಕಾರವೇ ನುಂಗುತ್ತದೆ. ಹೇಳಬೇಕೆಂದಿದ್ದ ವಿಚಾರಕ್ಕೆ ಗಮನ ಉಳಿಯುವುದಿಲ್ಲ. ಹತ್ತು ವಾಕ್ಯಗಳಲ್ಲಿ ಕತೆ ಹೇಳಬಲ್ಲ ಮಗು ಎರಡು ಸಾಲು ಬರೆದು ಪುಸ್ತಕ ಮುಚ್ಚುವುದು ಇದರಿಂದಲೇ.

ಅಳತೆಗೋಲಿನಲ್ಲೇ ಕೈ ಸೇರಿದಾಗ

ಪ್ರತಿಭೆಯನ್ನು ಅಳೆಯುವ ಪರೀಕ್ಷೆಗಳಿಗೂ ಈ ಎಚ್ಚರಿಕೆ ಸಲ್ಲುತ್ತದೆ. ಭಾರತದಲ್ಲಿ ಇಂದಿಗೂ ಬಳಕೆಯಲ್ಲಿರುವ ಬಿನೆ-ಕಾಮತ್ ಪರೀಕ್ಷೆಗೆ ಕನ್ನಡದೊಂದಿಗೆ ನೇರ ನಂಟಿದೆ. ವಿ. ವಿ. ಕಾಮತ್ ಅವರು 1930ರ ದಶಕದಲ್ಲಿ ಬಿನೆ ಮಾಪನವನ್ನು ಕನ್ನಡ ಹಾಗೂ ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದಿಸಿ ಪರಿಷ್ಕರಿಸಿದರು. ಇದರ ಪ್ರಶ್ನೆಗಳನ್ನು ಭಾಷೆ, ನೆನಪು, ಪರಿಕಲ್ಪನೆ, ಅಶಾಬ್ದಿಕ ತರ್ಕ, ಸಂಖ್ಯಾ ತರ್ಕ, ಸಾಮಾಜಿಕ ಬುದ್ಧಿ ಮತ್ತು ಕಣ್ಣು-ಕೈ ಸಮನ್ವಯ ಎಂದು ವಿಂಗಡಿಸಿ ನೋಡುವ ಪದ್ಧತಿಯಿದೆ. ಮಾಲಿನ್ ಅವರು ರೂಪಿಸಿದ ಭಾರತೀಯ ಮಕ್ಕಳ ಬುದ್ಧಿಮಾಪನದಲ್ಲಿ ಮಾತಿನ ಭಾಗ, ಕ್ರಿಯಾ ಭಾಗ ಎಂದು ಎರಡಿವೆ. ಕ್ರಿಯಾ ಭಾಗದಲ್ಲಿ ಗಡಿಯಾರ ಹಿಡಿದು ಪೆನ್ಸಿಲಿನಿಂದ ಮಾಡಿಸುವ ಕೆಲಸಗಳೂ ಸೇರಿವೆ.

ಕೈ ನಿಧಾನವಾದ ಮಗು ಇಂಥ ಭಾಗಗಳಲ್ಲಿ ಅಂಕ ಕಳೆದುಕೊಳ್ಳುವುದು ಸಹಜ. ಆಗ ಒಟ್ಟು ಸೂಚ್ಯಂಕ ಇಳಿದು, ಅಸಾಧಾರಣ ಬುದ್ಧಿಯ ಮಗು 'ಸಾಮಾನ್ಯ' ಎನಿಸಿಕೊಳ್ಳುತ್ತದೆ. ಆದ್ದರಿಂದ ಪಾಲಕರು ವರದಿಯ ಕೊನೆಯ ಸಂಖ್ಯೆಯನ್ನು ಮಾತ್ರ ನೋಡದೆ, ಭಾಗವಾರು ಅಂಕಗಳ ನಡುವೆ ಎಷ್ಟು ಅಂತರವಿದೆ ಎಂದು ಮನೋವಿಜ್ಞಾನಿಯನ್ನು ಕೇಳಬೇಕು. ಆ ಅಂತರವೇ ಬಹುಮುಖ್ಯ ಸುಳಿವು.

ಪ್ರತಿಭೆ ಹಾಗೂ ತೊಂದರೆ ಒಂದೇ ಮಗುವಿನಲ್ಲಿ ಕೂಡಿದ್ದರೆ ಮೂರು ಬಗೆಯಲ್ಲಿ ಮರೆಮಾಚುವಿಕೆ ನಡೆಯುತ್ತದೆ. ಕೆಲವರಲ್ಲಿ ಪ್ರತಿಭೆ ತೊಂದರೆಯನ್ನು ಮುಚ್ಚುತ್ತದೆ. ನೆನಪಿನ ಬಲದಿಂದ ಮಗು ಹೇಗೋ ಸುಧಾರಿಸಿಕೊಂಡು, ಬರವಣಿಗೆ ಹೆಚ್ಚುವ ಪ್ರೌಢಶಾಲೆಯಲ್ಲಿ ದಿಢೀರನೆ ಕುಸಿಯುತ್ತದೆ. ಕೆಲವರಲ್ಲಿ ತೊಂದರೆ ಪ್ರತಿಭೆಯನ್ನು ಮುಚ್ಚುತ್ತದೆ. ಇನ್ನು ಕೆಲವರಲ್ಲಿ ಒಂದು ಇನ್ನೊಂದನ್ನು ಮುಚ್ಚಿ, ಮಗು ಹತ್ತರಲ್ಲಿ ಹನ್ನೊಂದನೆಯದಾಗಿ ಕಾಣುತ್ತದೆ. ಕೊನೆಯ ಗುಂಪಿನ ಮಕ್ಕಳು ಯಾರ ಪಟ್ಟಿಯಲ್ಲೂ ಸೇರುವುದಿಲ್ಲ.

ಬರೆಯದೆ ಬೆಳಗಿದ ಬುದ್ಧಿ

ಲೇಖನಿಯ ಹಂಗಿಲ್ಲದ ಬುದ್ಧಿಯನ್ನು ಗೌರವಿಸುವ ಪರಂಪರೆ ಕನ್ನಡನಾಡಿಗೆ ಹೊಸದಲ್ಲ. ಅವಧಾನ ಕಲೆಯಲ್ಲಿ ಅವಧಾನಿಯು ಕಾಗದ ಲೇಖನಿಗಳಿಲ್ಲದೆ, ಪೃಚ್ಛಕರು ಒಡ್ಡುವ ಸಮಸ್ಯೆಗಳನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಪದ್ಯ ರಚಿಸುತ್ತಾರೆ. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿ 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಮನಸ್ಸಿನಲ್ಲೇ ಗುಣಿಸಿದರು. 'ಹಂತಗಳನ್ನು ಬರೆದಿಲ್ಲ' ಎಂದು ಅಂಕ ಕಡಿಯುವ ಪದ್ಧತಿಗೆ ಇಂಥ ಬುದ್ಧಿ ಸಿಕ್ಕುವುದಿಲ್ಲ.

ಕೈಯ ಚಾತುರ್ಯವೂ ಸ್ವತಃ ಒಂದು ಪ್ರತಿಭೆ ಎಂಬುದನ್ನು ಬೇಲೂರು ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1117ರಲ್ಲಿ ಪ್ರತಿಷ್ಠಾಪನೆಯಾದ ಚೆನ್ನಕೇಶವ ದೇವಾಲಯದ ಶಿಲ್ಪಗಳಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ಹೆಸರು ಕೊರೆದಿದ್ದಾರೆ. ಹಾರ್ವರ್ಡಿನ ಹೋವರ್ಡ್ ಗಾರ್ಡನರ್ 1983ರಲ್ಲಿ ಮಂಡಿಸಿದ ಬಹುಬುದ್ಧಿ ಸಿದ್ಧಾಂತವು ದೈಹಿಕ ಚಲನೆಯ ಬುದ್ಧಿಯನ್ನೂ ಒಂದು ಬಗೆಯ ಬುದ್ಧಿಯಾಗಿ ಎಣಿಸುತ್ತದೆ. ಒಂದು ಮಗುವಿಗೆ ಎರಡೂ ಒಲಿಯಬಹುದು, ಒಂದಷ್ಟೇ ಒಲಿಯಬಹುದು. ಒಂದರ ಕೊರತೆಯಿಂದ ಇನ್ನೊಂದನ್ನು ಅಳೆಯುವುದು ಮಾತ್ರ ಅನ್ಯಾಯ.

ಯಾವಾಗ ಎಚ್ಚೆತ್ತುಕೊಳ್ಳಬೇಕು?

5 ವರ್ಷ ದಾಟಿದ ಮಗುವಿನಲ್ಲಿ ಈ ಕೆಳಗಿನ ಲಕ್ಷಣಗಳಲ್ಲಿ ಹಲವು ಒಟ್ಟಾಗಿ, ದೀರ್ಘಕಾಲ ಕಂಡುಬಂದರೆ ತಜ್ಞರನ್ನು ಕಾಣುವುದು ಒಳಿತು.

* ಮೌಖಿಕ ಉತ್ತರಕ್ಕೂ ಲಿಖಿತ ಉತ್ತರಕ್ಕೂ ಅಜಗಜಾಂತರ.
* ಪೆನ್ಸಿಲನ್ನು ಬಿಗಿಯಾಗಿ ಹಿಡಿದು ಒತ್ತಿ ಬರೆಯುವುದು. ಕೆಲವೇ ಸಾಲುಗಳಲ್ಲಿ ಕೈ ನೋವು.
* ಗುಂಡಿ, ಶೂ ದಾರ, ಊಟದ ಡಬ್ಬಿಯ ಮುಚ್ಚಳಗಳಲ್ಲಿ ಓರಗೆಯವರಿಗಿಂತ ಬಹಳ ನಿಧಾನ.
* ಚೆಂಡು ಹಿಡಿಯಲು, ಹಗ್ಗ ಜಿಗಿಯಲು, ಸೈಕಲ್ ಕಲಿಯಲು ವಿಪರೀತ ಕಷ್ಟ.
* ಬಾಗಿಲು, ಬೆಂಚುಗಳಿಗೆ ಪದೇ ಪದೇ ತಾಗುವುದು, ಲೋಟ ಚೆಲ್ಲುವುದು.
* ಚಿತ್ರಕಲೆ, ಆಟ, ಬರವಣಿಗೆಯ ಅವಧಿಗಳಲ್ಲಿ ಮಾತ್ರ ಹೊಟ್ಟೆನೋವು, ಅಳು ಅಥವಾ ತುಂಟತನ.

ಮೊದಲು ಕಣ್ಣಿನ ಪರೀಕ್ಷೆ ಮಾಡಿಸಬೇಕು. ಮೊದಲೇ ಬರುತ್ತಿದ್ದ ಕೌಶಲ ಕಳೆದುಹೋಗುವುದು, ದೇಹದ ಒಂದೇ ಬದಿ ದುರ್ಬಲವಾಗಿರುವುದು, ಬೀಳುವುದು ದಿನೇ ದಿನೇ ಹೆಚ್ಚುವುದು, ನೆಲದಿಂದ ಏಳಲು ತೊಡೆಗೆ ಕೈಯೂರಬೇಕಾಗುವುದು, ಕೈ ನಡುಕ ಇವು ಬೇರೆ ಕಾಯಿಲೆಗಳ ಸೂಚನೆಯಾಗಿರಬಹುದು. ಅಂಥ ಸಂದರ್ಭದಲ್ಲಿ ತಡಮಾಡದೆ ಮಕ್ಕಳ ವೈದ್ಯರನ್ನು ಕಾಣಬೇಕು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ ಅಂಗನವಾಡಿ ಹಾಗೂ ಸರ್ಕಾರಿ ಶಾಲೆಗಳಿಗೆ ಬರುವ ವೈದ್ಯಕೀಯ ತಂಡ ಚಲನಾ ವಿಳಂಬ ಹಾಗೂ ಕಲಿಕಾ ತೊಂದರೆಗಳನ್ನೂ ತಪಾಸಣೆ ಮಾಡಬೇಕಾಗುತ್ತದೆ. ಹೆಚ್ಚಿನ ಪರೀಕ್ಷೆಗೆ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸುವ ವ್ಯವಸ್ಥೆಯಿದೆ. ಅರೇಹಳ್ಳಿಯಂಥ ಊರಿನ ಕುಟುಂಬಕ್ಕೆ ಕೈಗೆಟುಕುವ ಮೊದಲ ಮೆಟ್ಟಿಲು ಇದೇ. ತಂಡ ಬಂದ ದಿನ ಮಗುವಿನ ಕೈಬರಹದ ಪುಸ್ತಕವನ್ನು ತೋರಿಸಿದರೆ ಅನುಕೂಲ. ಇನ್ನೂ ವಿಸ್ತೃತ ಪರೀಕ್ಷೆ ಬೇಕಾದಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಹಾಗೂ ಹದಿಹರೆಯದವರ ಮನೋವೈದ್ಯ ವಿಭಾಗವಿದೆ. ಮಾತಿನ ತೊಂದರೆಯೂ ಜೊತೆಗಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ಸಂಪರ್ಕಿಸಬಹುದು.

ಬುದ್ಧಿಯೇ ಔಷಧ

ಚಲನಾ ಸಮನ್ವಯದ ತೊಂದರೆಗೆ ಮಾತ್ರೆಯಿಲ್ಲ. ಆಕ್ಯುಪೇಷನಲ್ ಥೆರಪಿ ಹಾಗೂ ಫಿಸಿಯೋಥೆರಪಿ ಮುಖ್ಯ ದಾರಿಗಳು. ಕೈಗೆ ಬಲ ಬರಿಸುವ ಸಾಮಾನ್ಯ ವ್ಯಾಯಾಮಗಳಿಗಿಂತ, ಮಗು ಕಲಿಯಬೇಕಾದ ಕೆಲಸವನ್ನೇ ಬಿಡಿಸಿ ಅಭ್ಯಾಸ ಮಾಡಿಸುವುದು ಹೆಚ್ಚು ಫಲಕಾರಿ ಎಂಬುದು ಈಗಿನ ತಜ್ಞರ ಒಲವು. ಕೆನಡಾದಲ್ಲಿ ರೂಪುಗೊಂಡ 'ಕೋ-ಆಪ್' ಎಂಬ ಕ್ರಮ ಪ್ರತಿಭಾವಂತ ಮಗುವಿಗೆ ಒಪ್ಪುವಂಥದ್ದು. ಗುರಿ ಯಾವುದು, ಹೇಗೆ ಮಾಡುವುದು, ಮಾಡಿ ನೋಡುವುದು, ಎಲ್ಲಿ ತಪ್ಪಿತು ಎಂದು ಪರೀಕ್ಷಿಸುವುದು ಎಂಬ ನಾಲ್ಕು ಹಂತಗಳಲ್ಲಿ ಮಗುವೇ ಯೋಚಿಸಿ ದಾರಿ ಕಂಡುಕೊಳ್ಳುತ್ತದೆ. ಗುಂಡಿ ಹಾಕುವುದನ್ನು ಒಂದು ಒಗಟಿನಂತೆ ಬಿಡಿಸಲು ಬಿಟ್ಟರೆ, ಮುಂದಿರುವ ಬುದ್ಧಿ ಹಿಂದುಳಿದ ಕೈಯನ್ನು ಎಳೆದುಕೊಂಡು ಬರುತ್ತದೆ.

ಮನೆಯಲ್ಲಿ ಮಾಡಬಹುದಾದದ್ದಕ್ಕೆ ದುಬಾರಿ ಸಲಕರಣೆ ಬೇಕಿಲ್ಲ. ಅಕ್ಷರಾಭ್ಯಾಸದ ದಿನ ಅಕ್ಕಿಯ ಮೇಲೆ ಬೆರಳಿನಿಂದ ಬರೆಸುವ ರೂಢಿಯನ್ನು ಒಂದೇ ದಿನಕ್ಕೆ ಮುಗಿಸದೆ, ತಟ್ಟೆಯಲ್ಲಿ ಮರಳು ಹರವಿ ಕೆಲವು ತಿಂಗಳು ಮುಂದುವರಿಸಬಹುದು. ದೊಡ್ಡ ಅಕ್ಷರಗಳಿಂದ ಚಿಕ್ಕದಕ್ಕೆ, ಸ್ಲೇಟಿನಿಂದ ಪುಸ್ತಕಕ್ಕೆ ಸಾಗುವುದು ಲೇಸು. ಚುಕ್ಕಿ ರಂಗೋಲಿ, ಹೂ ಕಟ್ಟುವುದು, ಅಕ್ಕಿ ಆರಿಸುವುದು, ಚಪಾತಿ ಲಟ್ಟಿಸುವುದು ಬೆರಳಿಗೆ ಒಳ್ಳೆಯ ಪಾಠಗಳು. ಗಂಡುಮಕ್ಕಳನ್ನು ಇವುಗಳಿಂದ ದೂರವಿಡಬೇಕಾಗಿಲ್ಲ. ಕುಂಟೆಬಿಲ್ಲೆ ಸಮತೋಲವನ್ನು, ಕಲ್ಲಾಟ ಕಣ್ಣು-ಕೈ ಹೊಂದಾಣಿಕೆಯನ್ನು, ಬುಗುರಿ ಮಣಿಕಟ್ಟಿನ ಹದವನ್ನು, ಲಗೋರಿ ಗುರಿಯನ್ನು ಕಲಿಸುತ್ತವೆ. ಸೋಲು ಗೆಲುವಿನ ಗುಂಪಾಟಕ್ಕೆ ಹೆದರುವ ಮಗುವಿಗೆ ಈಜು, ನಡಿಗೆ, ಯೋಗದಂಥ ಒಂಟಿ ಚಟುವಟಿಕೆಗಳಿಂದ ಆರಂಭಿಸಬಹುದು. ದಿನಕ್ಕೆ ಹತ್ತು ನಿಮಿಷದ ಅಭ್ಯಾಸ, ವಾರಕ್ಕೊಮ್ಮೆ ಒಂದು ಗಂಟೆಯ ಶಿಕ್ಷೆಗಿಂತ ಮೇಲು.

ಶಾಲೆಯಲ್ಲಿ ಬೇಕಾದದ್ದು ಸಣ್ಣ ಹೊಂದಾಣಿಕೆಗಳು. ತಪ್ಪಿಗೆ ಶಿಕ್ಷೆಯಾಗಿ ಕಾಪಿ ಬರೆಸುವುದನ್ನು ಕೈಬಿಡಬೇಕು. ಹತ್ತು ಲೆಕ್ಕದ ಬದಲು ಕಠಿಣವಾದ ಮೂರು ಲೆಕ್ಕ ಕೊಡಬಹುದು. ಉತ್ತರವನ್ನು ಬಾಯಲ್ಲಿ ಕೇಳಬಹುದು. ವಿಷಯಕ್ಕೆ ಬೇರೆ, ಅಂದಕ್ಕೆ ಬೇರೆ ಅಂಕ ಕೊಡಬಹುದು. ದೊಡ್ಡ ತರಗತಿಗಳಲ್ಲಿ ಕೀಲಿಮಣೆ ಕಲಿಸಬಹುದು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊಳೆತು ರಾಜ್ಯವ್ಯಾಪಿಯಾದ ನಲಿ-ಕಲಿ ಪದ್ಧತಿಯು ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಕಾ ಮೆಟ್ಟಿಲು ಏರಲು ಅವಕಾಶ ಕೊಡುತ್ತದೆ. ಓದಿನಲ್ಲಿ ಮೇಲಿನ ಮೆಟ್ಟಿಲಲ್ಲೂ ಬರಹದಲ್ಲಿ ಕೆಳಗಿನ ಮೆಟ್ಟಿಲಲ್ಲೂ ಮಗು ಏಕಕಾಲಕ್ಕೆ ಇರಬಹುದು ಎಂಬ ಮಾತಿಗೆ ಇದಕ್ಕಿಂತ ಅನುಕೂಲಕರ ಪದ್ಧತಿ ಅಪರೂಪ.

ಕಾನೂನು ಏನು ಹೇಳುತ್ತದೆ?

ಬಹುಪಾಲು ಪಾಲಕರಿಗೆ ತಿಳಿಯದ ಸಂಗತಿಯೊಂದಿದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016 ತನ್ನ ಅನುಸೂಚಿಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ವಿವರಿಸುವಾಗ ಡಿಸ್‌ಲೆಕ್ಸಿಯಾ, ಡಿಸ್‌ಗ್ರಾಫಿಯಾಗಳ ಜೊತೆಗೆ ಡಿಸ್ಪ್ರಾಕ್ಸಿಯಾವನ್ನೂ ಹೆಸರಿಸಿದೆ. ಕಾಯ್ದೆಯ 17ನೆಯ ಕಲಮು ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಉತ್ತರ ಬರೆಯುವ ಸಹಾಯಕರ ಸೌಲಭ್ಯಗಳನ್ನು ಪ್ರಸ್ತಾಪಿಸುತ್ತದೆ. 2018ರ ಕೇಂದ್ರ ಮಾರ್ಗಸೂಚಿಯು 8 ವರ್ಷ ಅಥವಾ ಮೂರನೆಯ ತರಗತಿಯ ಹಂತದಲ್ಲಿ ಶಾಲೆಯಲ್ಲೇ ಪ್ರಾಥಮಿಕ ತಪಾಸಣೆ ನಡೆಯಬೇಕೆಂದು ತಿಳಿಸಿತ್ತು. ಪ್ರಮಾಣಪತ್ರಕ್ಕೆ ಪರೀಕ್ಷೆಗಳು, ಓಡಾಟ, ಸಮಯ ಬೇಕಾಗುವುದರಿಂದ ಎಸ್‌ಎಸ್‌ಎಲ್‌ಸಿ ವರ್ಷದವರೆಗೆ ಕಾಯುವುದು ಜಾಣತನವಲ್ಲ.

ಪ್ರತಿಭೆಯ ಕಡೆಯ ಬಾಗಿಲುಗಳೂ ತೆರೆದಿವೆ. ರಾಷ್ಟ್ರೀಯ ಶಿಕ್ಷಣ ನೀತಿ 2020 ವಿಶೇಷ ಪ್ರತಿಭೆಯ ವಿದ್ಯಾರ್ಥಿಗಳಿಗೆ ಪ್ರತ್ಯೇಕ ಭಾಗವನ್ನೇ ಮೀಸಲಿಟ್ಟಿದೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯು ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿಯ ಬೆಂಬಲದೊಂದಿಗೆ ನಗರ ಹಾಗೂ ಗ್ರಾಮೀಣ ಭಾಗದ ಪ್ರತಿಭಾವಂತ ಮಕ್ಕಳನ್ನು ಗುರುತಿಸುವ ಕೆಲಸ ಕೈಗೊಂಡಿತ್ತು. ಜವಾಹರ ನವೋದಯ ವಿದ್ಯಾಲಯದ ಆರನೆಯ ತರಗತಿಯ ಪ್ರವೇಶ ಪರೀಕ್ಷೆಯಲ್ಲಿ 2 ಗಂಟೆಯ ಅವಧಿಗೆ 80 ವಸ್ತುನಿಷ್ಠ ಪ್ರಶ್ನೆಗಳಿರುತ್ತವೆ. ಕನಿಷ್ಠ ಶೇ 75ರಷ್ಟು ಸ್ಥಾನಗಳು ಗ್ರಾಮೀಣ ಮಕ್ಕಳಿಗೆ. ಉದ್ದುದ್ದ ಬರೆಯಬೇಕಿಲ್ಲದ ಕಾರಣ ಕೈ ನಿಧಾನವಾದ ಮಗುವಿಗೂ ಇಲ್ಲಿ ನ್ಯಾಯ ದೊರೆಯುವ ಸಾಧ್ಯತೆ ಹೆಚ್ಚು. ಓಎಂಆರ್ ಹಾಳೆಯ ವೃತ್ತ ತುಂಬುವ ಅಭ್ಯಾಸವನ್ನು ಮಾತ್ರ ಮುಂಚಿತವಾಗಿ ಮಾಡಿಸಬೇಕು.

ಕೊನೆಯದಾಗಿ ಉಳಿಯುವುದು ಮಗುವಿನ ಮನಸ್ಸು. ತನ್ನ ತಲೆಯಲ್ಲಿ ಇರುವುದೇನು, ಪುಟದ ಮೇಲೆ ಬಂದದ್ದೇನು ಎಂಬ ವ್ಯತ್ಯಾಸ ಪ್ರತಿಭಾವಂತ ಮಗುವಿಗೆ ಎಲ್ಲರಿಗಿಂತ ಮೊದಲೇ ಅರಿವಾಗಿರುತ್ತದೆ. ಅದಕ್ಕೆ ಕಾರಣ ಗೊತ್ತಿಲ್ಲದಿದ್ದಾಗ ತಾನು ದಡ್ಡ ಎಂಬ ತೀರ್ಮಾನಕ್ಕೆ ಅದು ಬರುತ್ತದೆ. 'ನಿನಗೆ ಗೊತ್ತಿದೆ ಎಂಬುದು ನಮಗೆ ಗೊತ್ತು. ಕೈಗೆ ಸ್ವಲ್ಪ ಕಾಲ ಬೇಕು' ಎಂಬ ಒಂದು ಮಾತನ್ನು ಶಿಕ್ಷಕರೋ ಪಾಲಕರೋ ಸಕಾಲದಲ್ಲಿ ಹೇಳಿದರೆ ಆ ತೀರ್ಮಾನವನ್ನು ತಪ್ಪಿಸಬಹುದು. ಕೆಂಪು ಶಾಯಿಯಲ್ಲಿ ತಿದ್ದುವ ಮುನ್ನ ಉತ್ತರವನ್ನೊಮ್ಮೆ ಬಾಯಲ್ಲಿ ಕೇಳುವುದಕ್ಕೆ ಯಾವ ಸರ್ಕಾರಿ ಆದೇಶವೂ ಬೇಕಿಲ್ಲ.